ಹೆಸರು ಕೂಗದ ಕೌಂಟರ್

ರಿಪೋರ್ಟ್ ಕೌಂಟರಿನಲ್ಲಿ ಕೂರುವವರಿಗೆ ಯಾರೂ ತರಬೇತಿ ಕೊಡುವುದಿಲ್ಲ. ರಕ್ತ ತೆಗೆಯುವವರಿಗೆ ಕೊಡುತ್ತಾರೆ, ಮೈಕ್ರೋಸ್ಕೋಪಿನ ಮುಂದೆ ಕೂರುವವರಿಗೆ ಕೊಡುತ್ತಾರೆ. ಬಂದವರ ಚೀಟಿ ನೋಡಿ ಲಕೋಟೆ ಎತ್ತಿಕೊಡುವವಳಿಗೆ ಕಲಿಸುವುದು ಏನಿದೆ? ಜಯನಗರದ ಒಂದು ಲ್ಯಾಬಿನಲ್ಲಿ ಆ ಕುರ್ಚಿಯ ಮೇಲೆ ನಾನು ಹದಿನೇಳು ವರ್ಷ ಕೂತಿದ್ದೆ. ಈಗ ಅಲ್ಲಿ ಹೊಸದಾಗಿ ಸೇರಿರುವ ಇಬ್ಬರು ಹುಡುಗಿಯರು ಮೊನ್ನೆ ಸಿಕ್ಕಾಗ, "ವನಜಾ ಆಂಟಿ, ನಮಗೇನಾದ್ರೂ ಟಿಪ್ಸ್ ಕೊಡಿ" ಅಂದರು. ಮನೆಗೆ ಬಂದ ಮೇಲೆ ನಡೆದದ್ದನ್ನೇ ಬರೆದಿಡೋಣ, ಬೇಕಾದ್ದನ್ನು ಅವರೇ ಆರಿಸಿಕೊಳ್ಳಲಿ ಅನ್ನಿಸಿತು. ಹೆಸರುಗಳನ್ನು ಬದಲಾಯಿಸಿದ್ದೇನೆ. ಬರೆಯಬಹುದೇ ಎಂದು ಒಬ್ಬಳನ್ನು ಕೇಳಿದ್ದೇನೆ. ಉಳಿದವರನ್ನು ಕೇಳುವ ದಾರಿ ನನಗಿಲ್ಲ.

ನಾನು ಸೇರಿದ್ದು ತೊಂಬತ್ತರ ದಶಕದ ಶುರುವಿನಲ್ಲಿ. ನನಗಾಗ ನಲವತ್ತೊಂದು. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಟೈಪಿಂಗ್ ಬರುತ್ತಿತ್ತು. ಲ್ಯಾಬು ನಡೆಸುತ್ತಿದ್ದವರು ಡಾಕ್ಟರ್ ಸುಮಿತ್ರಾ. ನಾವೆಲ್ಲ ಡಾಕ್ಟರಮ್ಮ ಅನ್ನುತ್ತಿದ್ದೆವು. ಎತ್ತರದ ಹೆಂಗಸು, ಕಾಟನ್ ಸೀರೆ, ಮಾತು ಕಡಿಮೆ. ಮೊದಲ ದಿನ ಒಂದು ಟೈಪ್‌ರೈಟರ್, ಒಂದು ದಪ್ಪ ರಿಜಿಸ್ಟರು, ಒಂದು ಬಾಟಲಿ ಗೋಂದು ತೋರಿಸಿ, "ಹೆಸರು ತಪ್ಪಬಾರದು, ನಂಬರ್ ತಪ್ಪಬಾರದು. ಮಿಕ್ಕಿದ್ದು ತಾನಾಗೇ ಬರುತ್ತೆ" ಅಂದರು.

ಮಿಕ್ಕಿದ್ದು ತಾನಾಗೇ ಬರಲಿಲ್ಲ. ಸೇರಿದ ಮೂರನೇ ವಾರ. ಸೋಮವಾರದ ಬೆಳಗ್ಗೆ ಬೆಂಚುಗಳೆಲ್ಲ ತುಂಬಿದ್ದವು. ರಿಪೋರ್ಟುಗಳನ್ನು ಬೇಗ ಬೇಗ ಹಂಚಿಬಿಡಬೇಕೆಂಬ ಹುಮ್ಮಸ್ಸಿನಲ್ಲಿ ನಾನು ಒಂದೊಂದೇ ಲಕೋಟೆ ಎತ್ತಿ ಕೂಗುತ್ತಿದ್ದೆ. "ಶುಗರ್, ನಾಗರಾಜ್!" ನಾಗರಾಜ್ ಎದ್ದು ಬಂದರು. "ಥೈರಾಯ್ಡ್, ಸೀತಮ್ಮ!" ಸೀತಮ್ಮನೂ ಬಂದರು. ಅದೇ ಭರದಲ್ಲಿ ಇನ್ನೊಂದು ಲಕೋಟೆ ಎತ್ತಿ, "ಪ್ರೆಗ್ನೆನ್ಸಿ ಟೆಸ್ಟ್, ಹೇಮಾ ಯಾರಮ್ಮಾ?" ಅಂದೆ.

ಯಾರೂ ಏಳಲಿಲ್ಲ. ಇನ್ನೂ ಜೋರಾಗಿ ಕೂಗಿದೆ. ಬೆಂಚಿನ ಕೊನೆಯಲ್ಲಿ ಕಾಲೇಜಿನ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಒಬ್ಬ ಹುಡುಗಿ ಕೂತಿದ್ದಳು. ಅವಳ ಪಕ್ಕದಲ್ಲಿದ್ದ ಹೆಂಗಸು ಅವಳ ಕಡೆ ತಿರುಗಿ ನೋಡಿದಳು, ಆಮೇಲೆ ಬೆಂಚಿನವರೆಲ್ಲ ನೋಡಿದರು. ಹುಡುಗಿ ಗೋಡೆಯ ಕ್ಯಾಲೆಂಡರನ್ನೇ ಸ್ವಲ್ಪ ಹೊತ್ತು ದಿಟ್ಟಿಸಿ, ಏನೂ ಆಗದವಳ ಹಾಗೆ ಎದ್ದು, ನಿಧಾನವಾಗಿ ಬಾಗಿಲು ದಾಟಿ ಹೋದಳು. ರಸ್ತೆಗಿಳಿದ ಮೇಲೆ ಓಡಿದಳು. ಕಿಟಕಿಯಿಂದ ಕಂಡಿತು.

ಡಾಕ್ಟರಮ್ಮ ಒಳಗಿನಿಂದ ಕೇಳಿಸಿಕೊಂಡಿದ್ದರು. ನನ್ನನ್ನು ಕರೆದು ಬಾಗಿಲು ಹಾಕಿದರು. ಬೈಯಲಿಲ್ಲ. "ಆ ಲಕೋಟೆ ತೆಗಿ, ಓದು" ಅಂದರು. ಓದಿದೆ. ನೆಗೆಟಿವ್ ಅಂತಿತ್ತು.

"ಏನೂ ಇಲ್ಲ ಅನ್ನೋದು ಅವಳಿಗೆ ಗೊತ್ತಾಗ್ಲೇ ಇಲ್ಲ ನೋಡು. ಇನ್ನೆಷ್ಟು ದಿನ ಹೆದರ್ಕೊಂಡಿರ್ತಾಳೋ" ಅಂದರು.

ಅವತ್ತಿನಿಂದ ನಮ್ಮ ಕೌಂಟರಿನಲ್ಲಿ ಹೆಸರು ಕೂಗುವುದು ನಿಂತಿತು. ಚೀಟಿಯ ನಂಬರು ಮಾತ್ರ. ಹೇಮಾಳ ಲಕೋಟೆಯನ್ನು ಒಂದು ವರ್ಷ ನನ್ನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೆ. ಅವಳು ಬರಲಿಲ್ಲ.

ಆಮೇಲೆ ಕಲಿತೆ. ಎಲ್ಲರ ಕಾಗದವನ್ನೂ ಓದುವುದು, ಯಾರ ಮುಖವನ್ನೂ ಓದದಿರುವುದು. ರಿಪೋರ್ಟು ಟೈಪು ಮಾಡಬೇಕಲ್ಲ, ಓದದೆ ದಾರಿಯಿಲ್ಲ. ಯಾರಿಗೆ ಸಕ್ಕರೆ, ಯಾರಿಗೆ ಗಂಟು, ಯಾರಿಗೆ ಮಕ್ಕಳಾಗುವುದು ಕಷ್ಟ, ಎಲ್ಲ ಅವರಿಗಿಂತ ಅರ್ಧ ದಿನ ಮೊದಲೇ ನನಗೆ ಗೊತ್ತಿರುತ್ತಿತ್ತು. ಕೈಗೆ ಲಕೋಟೆ ಕೊಡುವಾಗ ಮುಖದಲ್ಲಿ ಏನೂ ಇರಬಾರದು. ಒಳ್ಳೆಯ ಸುದ್ದಿಗೂ ನಗುವ ಹಾಗಿಲ್ಲ. ಒಂದು ದಿನ ನಕ್ಕರೆ, ನಗದ ದಿನ ಜನ ಅರ್ಥ ಮಾಡಿಕೊಳ್ಳುತ್ತಾರೆ. ಈ ಮಾತಿಗೆ ನಾನು ತೆತ್ತ ಬೆಲೆಯೊಂದಿದೆ.

ಚಿಕ್ಕಲಸಂದ್ರದಲ್ಲಿ ನನ್ನ ಮನೆ. ಗಂಡ ಇದ್ದಾಗ ಕಟ್ಟಿಸಿದ್ದು, ಎರಡು ಕೋಣೆ. ಪಕ್ಕದ ಮನೆಯ ಗೌರಮ್ಮನವರದು ಅಲ್ಲಿಯ ಹಳೆಯ ಕುಟುಂಬ. ಅವರ ಹೊಲಗಳೆಲ್ಲ ಸೈಟುಗಳಾಗಿ, ಅವರು ಬಾಡಿಗೆ ಮನೆಗಳ ಒಡತಿಯಾಗಿದ್ದರು. ಕೈಯಲ್ಲಿ ಮಾತ್ರ ಹೊಲದ ಕೆಲಸ ಉಳಿದಿತ್ತು. ಹಿತ್ತಲಿನಲ್ಲಿ ಅವರೆ, ಬದನೆ, ಕೊತ್ತಂಬರಿ. ಗಂಡ ಹೋದ ದಿನದಿಂದ ನನಗೆ ದಿನಾ ರಾತ್ರಿಯ ಊಟಕ್ಕೆ ಸಾರು ಕೊಡುತ್ತಿದ್ದವರು ಅವರೇ. ಕಾಂಪೌಂಡ್ ಗೋಡೆಯ ಮೇಲೆ ಪಾತ್ರೆ ಇಟ್ಟು, "ವನಜಾ, ತಗೊಳ್ಳೇ" ಎಂದು ಕೂಗುವರು. ಇಡೀ ದಿನ ನಂಬರು ಬಿಟ್ಟು ಬೇರೇನೂ ಮಾತಾಡದೆ ಬರುತ್ತಿದ್ದ ನನಗೆ ಆ ಗೋಡೆಯ ಹತ್ತಿರದ ಅರ್ಧ ಗಂಟೆಯೇ ಮಾತು.

ಅವರ ಮೊಮ್ಮಗಳಿಗೆ ಪುಟ್ಟೇನಹಳ್ಳಿಯ ಕಡೆಯ ಒಂದು ಗಂಡು ಬಂತು. ಎಲ್ಲ ಒಪ್ಪಿಗೆಯಾಗಿತ್ತು. ಒಂದು ಸಂಜೆ ಗೌರಮ್ಮ ಗೋಡೆಗೆ ಒರಗಿ ದನಿ ತಗ್ಗಿಸಿದರು.

"ಆ ಹುಡುಗ ಹೋದ ತಿಂಗ್ಳು ನಿಮ್ ಲ್ಯಾಬಿಗೆ ಬಂದಿದ್ನಂತೆ ಕಣೇ. ನಮ್ಮೋರು ಯಾರೋ ನೋಡವ್ರೆ. ಏನಿತ್ತು?"

"ನಾನು ಹೇಳೋ ಹಾಗಿಲ್ಲ ಗೌರಮ್ಮ."

"ಅಯ್ಯೋ, ನಾನೇನ್ ಡಂಗುರ ಹೊಡೀತೀನಾ? ಹೆಣ್ಮಗು ಬಾಳಿನ್ ಪ್ರಶ್ನೆ. ಏನೂ ಇಲ್ಲ ಅಂದ್ರೆ ಏನೂ ಇಲ್ಲ ಅಂದ್ಬಿಡು, ಸಾಕು."

ಏನೂ ಇರಲಿಲ್ಲ. ಟೈಫಾಯಿಡ್ ಇರಬಹುದೆಂದು ಬಂದಿದ್ದ, ಅದೂ ಇರಲಿಲ್ಲ. ಬರೀ ಜ್ವರ. ಹೇಳಿಬಿಡೋಣವೆಂದು ಬಾಯಿ ತೆರೆದೆ. ಆದರೆ ಇವತ್ತು "ಏನೂ ಇಲ್ಲ" ಅಂದರೆ, ನಾಳೆ ಇನ್ನೊಬ್ಬರ ವಿಷಯ ಕೇಳಿದಾಗ ಸುಮ್ಮನಿರುವ ಹಾಗಿಲ್ಲ. ಸುಮ್ಮನಿದ್ದರೆ ಏನೋ ಇದೆ ಅಂತಲೇ ಅರ್ಥವಾಗುತ್ತದೆ. "ಅವರ್ನೇ ಕೇಳಿ ಗೌರಮ್ಮ. ದಯವಿಟ್ಟು" ಅಂದೆ.

ಗೌರಮ್ಮ ನನ್ನ ಮುಖ ನೋಡಿದರು. ಪಾತ್ರೆ ವಾಪಸ್ಸು ತಗೊಂಡು ಒಳಗೆ ಹೋದರು.

ಸಂಬಂಧ ಮುರಿಯಿತು. "ಪಕ್ಕದ್ಮನೆ ಲ್ಯಾಬಿನೋಳು ಬಾಯೇ ಬಿಡ್ಲಿಲ್ಲ, ಅಂದ್ಮೇಲೆ ಏನೋ ದೊಡ್ಡದೇ ಇರ್ಬೇಕು" ಎಂದು ಆಡಿಕೊಂಡರಂತೆ. ಆ ಹುಡುಗನ ಮನೆಯವರು ಲ್ಯಾಬಿಗೆ ಬಂದು ಗಲಾಟೆ ಮಾಡಿದರು. ನಾನು ಏನೂ ಹೇಳಿಲ್ಲವೆಂದು ಡಾಕ್ಟರಮ್ಮ ಅವರಿಗೆ ಎಷ್ಟೋ ಹೇಳಿದರು. "ಹೇಳ್ಬೇಕಿತ್ತಲ್ವಾ ಮತ್ತೆ, ಜ್ವರ ಅಷ್ಟೇ ಅಂತ!" ಎಂದು ಅವನ ತಾಯಿ ಅತ್ತರು. ಆ ಹುಡುಗನಿಗೆ ಮುಂದೆ ಬೇರೆ ಕಡೆ ಮದುವೆಯಾಯಿತೆಂದು ಕೇಳಿದೆ. ಗೌರಮ್ಮ ಮಾತ್ರ ಆಮೇಲೆ ನನ್ನ ಜೊತೆ ಮಾತಾಡಲಿಲ್ಲ. ನಾನು ಸಂಜೆ ಗೋಡೆಯ ಹತ್ತಿರ ನಿಂತಿರುತ್ತಿದ್ದೆ. ಆ ಕಡೆ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಕಂಪ್ಯೂಟರು ಬಂತು. ಡಾಕ್ಟರಮ್ಮನ ಅಕ್ಕನ ಮಗ ಪ್ರಸಾದ್ ಲ್ಯಾಬಿನ ಆಡಳಿತ ನೋಡಿಕೊಳ್ಳಲು ಬಂದ. ಚುರುಕಿನ ಹುಡುಗ, ಕೆಟ್ಟವನಲ್ಲ. ಹಳೆ ರಿಜಿಸ್ಟರುಗಳನ್ನೆಲ್ಲ ಕಂಪ್ಯೂಟರಿಗೆ ಹತ್ತಿಸಿದ. ಬಿ.ಟಿ.ಎಂ. ಲೇಔಟಿನಲ್ಲಿ ಶಾಖೆ ತೆರೆದ. ಪಾಸ್‌ವರ್ಡು ಎಲ್ಲರಿಗೂ ಒಂದೇ, ಅದನ್ನೂ ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿದ್ದ. "ಮರೆತುಹೋದ್ರೆ ಪದೇ ಪದೇ ನಂಗೆ ಫೋನ್ ಮಾಡ್ತೀರಲ್ಲ ಆಂಟಿ" ಅಂದ.

ಹುಡುಗಿಯರೇ, ಇದನ್ನು ಗಮನವಿಟ್ಟು ಓದಿ. ರಿಜಿಸ್ಟರಿನ ಕಾಲದಲ್ಲಿ ಒಬ್ಬರ ವಿಷಯ ಹುಡುಕಬೇಕಾದರೆ ಅವರು ಬಂದ ದಿನ ಗೊತ್ತಿರಬೇಕಿತ್ತು, ನಂಬರು ಗೊತ್ತಿರಬೇಕಿತ್ತು, ಬೀರುವಿನ ಬೀಗದ ಕೈ ಬೇಕಿತ್ತು. ಅಷ್ಟರಲ್ಲಿ ಕುತೂಹಲ ಆರಿಹೋಗುತ್ತಿತ್ತು. ಕಂಪ್ಯೂಟರಿನಲ್ಲಿ ಹೆಸರು ಒತ್ತಿದರೆ ಸಾಕು.

ನಾನೂ ಒತ್ತಿದೆ. ಒಂದು ಮಧ್ಯಾಹ್ನ ಕೌಂಟರಿನಲ್ಲಿ ಯಾರೂ ಇರಲಿಲ್ಲ. ಗೌರಮ್ಮ ಸೊರಗಿದ್ದು ಗೋಡೆಯಾಚೆಯಿಂದ ಕಾಣುತ್ತಿತ್ತು. ಅವರ ಹೆಸರನ್ನೂ ಬಡಾವಣೆಯನ್ನೂ ಹಾಕಿದೆ. ಬಂತು. ಅವರು ನಮ್ಮಲ್ಲಿಗೇ ಬಂದಿದ್ದರು, ನನ್ನ ರಜೆಯ ದಿನ ನೋಡಿಕೊಂಡು. ಎದೆಯ ಗಂಟಿಗೆ ಸೂಜಿ ಹಾಕಿ ಮಾಡಿದ ಪರೀಕ್ಷೆ. ಕೊನೆಯ ಸಾಲು ಓದಿದೆ. ಹತ್ತು ವರ್ಷ ಅಂಥ ಸಾಲುಗಳನ್ನು ಟೈಪು ಮಾಡಿದವಳಿಗೆ ಅರ್ಥ ಕೇಳಬೇಕಾಗಿರಲಿಲ್ಲ.

ಅವತ್ತು ಸಂಜೆ ಗೋಡೆಯ ಹತ್ತಿರ ಬಹಳ ಹೊತ್ತು ನಿಂತೆ. ಹೋಗಿ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಏನೆಂದು ಹೋಗಲಿ? "ನಿನಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿದರೆ? ಅವರು ನನ್ನಿಂದ ಮುಚ್ಚಿಡಲೆಂದೇ ರಜೆಯ ದಿನ ಹುಡುಕಿಕೊಂಡು ಬಂದಿದ್ದರು. ನಾನು ಕಳ್ಳಿಯ ಹಾಗೆ ಅದನ್ನು ತೆಗೆದು ನೋಡಿದ್ದೆ. ನೋಡದಿದ್ದರೆ, "ಯಾಕೆ ಗೌರಮ್ಮ, ಸೊರಗಿದೀರಿ?" ಎಂದಾದರೂ ಕೇಳಬಹುದಿತ್ತು. ನೋಡಿದ ಮೇಲೆ ಅದನ್ನು ಕೇಳುವ ಮುಖವೂ ಉಳಿಯಲಿಲ್ಲ. ಮರು ವರ್ಷ ಅವರು ಹೋದರು. ಅವರ ಮನೆಯಂಗಳದಲ್ಲಿ ಎಲ್ಲರ ಹಿಂದೆ ನಿಂತು ಬಂದೆ. ಆಮೇಲೆ ಎಂದೂ ಬೇರೆಯವರ ಹೆಸರನ್ನು ಹುಡುಕಲಿಲ್ಲ. ಪರದೆಗೆ ಅಂಟಿಸಿದ್ದ ಚೀಟಿಯನ್ನು ನಾನೇ ಕಿತ್ತೆಸೆದೆ. ಪ್ರಸಾದ್ ಇನ್ನೊಂದು ಅಂಟಿಸಿದ.

ಇನ್ನು ನನ್ನ ದೊಡ್ಡ ತಪ್ಪಿನ ವಿಷಯ. ಎರಡು ಸಾವಿರ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಆಫೀಸುಗಳು ತಮ್ಮ ನೌಕರರಿಗೆಲ್ಲ ಒಟ್ಟಿಗೆ ಆರೋಗ್ಯ ತಪಾಸಣೆ ಮಾಡಿಸುವುದು ಶುರುವಾಗಿತ್ತು. ಬಿ.ಟಿ.ಎಂ.ನ ಒಂದು ಆಫೀಸಿನಿಂದ ನೂರಕ್ಕೂ ಮೇಲ್ಪಟ್ಟು ಜನ ಬಂದರು. ಎಲ್ಲರ ರಿಪೋರ್ಟೂ ತಯಾರಾದ ದಿನ ನಾನು ಲಕೋಟೆಗಳನ್ನು ಎಣಿಸಿಕೊಳ್ಳುತ್ತಿದ್ದೆ. ಪ್ರಸಾದ್ ಬಂದು, "ಲಕೋಟೆ ಎಲ್ಲಾ ಬೇಡ ಆಂಟಿ. ಎಲ್ಲರದ್ದೂ ಒಂದೇ ಪಟ್ಟಿ ಮಾಡಿ ಅವರ ಎಚ್.ಆರ್. ಮೇಡಂಗೆ ಮೇಲ್ ಮಾಡ್ಬಿಡಿ. ಅವರೇ ಕೇಳಿದಾರೆ" ಅಂದ.

"ಒಬ್ಬೊಬ್ಬರದ್ದು ಒಬ್ಬೊಬ್ಬರಿಗೇ ಹೋದ್ರೆ ಒಳ್ಳೇದಲ್ವಾ ಪ್ರಸಾದ್?"

"ದುಡ್ಡು ಕೊಡ್ತಿರೋದು ಆಫೀಸು ಆಂಟಿ. ಕಳಿಸಿ."

ನಾನು ಪಟ್ಟಿ ನೋಡಿದೆ. ಒಂದು ಸಾಲಿನಲ್ಲಿ ಹೆಪಟೈಟಿಸ್ ಬಿ ಎಂದಿತ್ತು. ಕಾಮಾಲೆ ತರುವ ಒಂದು ವೈರಸ್. ಮೈಯಲ್ಲಿದ್ದರೂ ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ. ಒಟ್ಟಿಗೆ ಉಂಡರೆ, ಒಂದೇ ಕೋಣೆಯಲ್ಲಿ ಮಲಗಿದರೆ ಹರಡುವುದಲ್ಲ. ಹೆಸರು ಶಿವಲೀಲಾ, ವಯಸ್ಸು ಇಪ್ಪತ್ತನಾಲ್ಕು. ಆ ಸಾಲಿನ ಮೇಲೆ ಒಂದು ಕ್ಷಣ ಕೈ ತಡೆಯಿತು. ಆಮೇಲೆ ಕಳಿಸಿದೆ. ಬೇಡ ಅನ್ನಬಹುದಿತ್ತು. ಅನ್ನಲಿಲ್ಲ.

ಮೂರನೆಯ ದಿನ ಅವಳು ಕೌಂಟರಿಗೆ ಬಂದಳು. ತೆಳ್ಳಗಿನ ಹುಡುಗಿ, ಎಣ್ಣೆ ಹಚ್ಚಿ ಬಿಗಿದು ಹೆಣೆದ ಜಡೆ, ವಿಜಾಪುರದ ಕಡೆಯ ಮಾತು.

"ಮೇಡಂರೀ, ನನ್ನ ರಿಪೋರ್ಟ್ ಕೊಡ್ತೀರೇನ್ರಿ? ನಾ ಇನ್ನೂ ನೋಡಿಲ್ರಿ. ಬಾಕಿ ಎಲ್ಲಾರೂ ನೋಡ್ಯಾರ್ರಿ."

ಆ ಎಚ್.ಆರ್. ಮೇಡಂ ತನ್ನ ಸಹಾಯಕಿಗೆ ಕಳಿಸಲು ಹೋಗಿ ಪಟ್ಟಿಯನ್ನು ಇಡೀ ಆಫೀಸಿಗೆ ಕಳಿಸಿಬಿಟ್ಟಿದ್ದಳಂತೆ. ಮಧ್ಯಾಹ್ನದ ಪಾಳಿಗೆ ಶಿವಲೀಲಾ ಬರುವ ಹೊತ್ತಿಗೆ ಎಲ್ಲರೂ ಓದಿಯಾಗಿತ್ತು. ಅವಳ ಜೊತೆ ಕೋಣೆಯಲ್ಲಿದ್ದ ಇಬ್ಬರು ಹುಡುಗಿಯರೂ ಅದೇ ಆಫೀಸಿನವರು.

"ನಾ ಉಣ್ಣೂ ಗಂಗಾಳ ಬ್ಯಾರೆ ಇಟ್ಟಾರ್ರಿ. ನೀರ ಕುಡಿಯೂ ಲೋಟಾನೂ ಬ್ಯಾರೆ. ಓನರ್ ಆಂಟಿ ಭಾನುವಾರ ಖೋಲಿ ಖಾಲಿ ಮಾಡು ಅಂದಾರ್ರಿ. ನನಗೇನಾಗೇತಿ ಅಂತ ನನಗರ ಹೇಳ್ರಿ ಮೇಡಂ."

ಒಳಗೆ ಕೂರಿಸಿ, ಲಕೋಟೆ ಕೊಟ್ಟು, ಡ್ಯೂಟಿಯ ಡಾಕ್ಟರರಿಂದ ಎಲ್ಲ ವಿವರವಾಗಿ ಹೇಳಿಸಿದೆ. ಅವಳು ಅಳಲಿಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಇಡೀ ಊರು ಓದಿದ ಕಾಗದವನ್ನು ಅಷ್ಟು ಸಣ್ಣದಾಗಿ ಮಡಚಿದ್ದನ್ನು ನೋಡಿ ನನಗೇ ಕಣ್ಣು ತುಂಬಿತು.

ಪ್ರಸಾದನಿಗೆ ಹೇಳಿದರೆ, "ತಪ್ಪು ಅವರ ಆಫೀಸಿಂದು ಆಂಟಿ. ನಾವೇನ್ ಮಾಡಕ್ಕಾಗುತ್ತೆ?" ಅಂದ. ಸಂಜೆ ಬಸ್ಸು ಹಿಡಿದು ಬನಶಂಕರಿಯ ಡಾಕ್ಟರಮ್ಮನ ಮನೆಗೆ ಹೋದೆ. ಅವರಿಗಾಗ ಮಂಡಿನೋವು. ಲ್ಯಾಬಿಗೆ ಬರುವುದು ಕಡಿಮೆಯಾಗಿತ್ತು. ಎಲ್ಲ ಕೇಳಿ, "ಕಳಿಸಿದ್ದು ಯಾರು?" ಅಂದರು.

"ನಾನೇ ಅಮ್ಮ."

"ಪ್ರಸಾದ್ ಹೇಳಿದ್ದಕ್ಕೆ ತಾನೆ?"

"ಬೆರಳು ನಂದೇ ಅಲ್ವಾ ಅಮ್ಮ."

ಅವರು ಮಂಡಿ ಹಿಡಿದುಕೊಂಡು ನೆಟ್ಟಗೆ ಕೂತರು. ಆಮೇಲೆ, "ಈಗ ಏನು ಮಾಡ್ಬೇಕು ಅಂತಿದೀಯ?" ಎಂದು ಕೇಳಿದರು. ಆ ಓನರ್ ಮನೆಗೆ ಹೋಗುತ್ತೇನೆ, ಆಫೀಸಿಗೂ ಹೋಗುತ್ತೇನೆ, ಇದು ಹಾಗೆಲ್ಲ ಹರಡುವ ಕಾಯಿಲೆಯಲ್ಲ ಎಂದು ಎಲ್ಲರಿಗೂ ತಿಳಿಸಿ ಹೇಳುತ್ತೇನೆ ಅಂದೆ.

"ಎಲ್ಲರಿಗೂ ಇನ್ನೊಂದ್ಸಲ ಹೇಳ್ತೀಯಾ? ಆ ಹುಡುಗಿಗೆ ಏನು ಬೇಕು ಅಂತ ಕೇಳ್ದೆಯಾ?"

ಕೇಳಿರಲಿಲ್ಲ. ಮಾರನೆಯ ದಿನ ಕೇಳಿದೆ. ಶಿವಲೀಲಾ ತಕ್ಷಣ ಹೇಳಿದಳು, ಎಷ್ಟೋ ದಿನದಿಂದ ಯಾರಾದರೂ ಕೇಳಲೆಂದು ಕಾದಿದ್ದವಳ ಹಾಗೆ: "ಒಂದ್ ಖೋಲಿ ಬೇಕ್ರಿ. ಮತ್ತ ಆ ಮಾತ ಯಾರೂ ಎತ್ತಬಾರದ್ರಿ. ಅಷ್ಟ."

ಭಾನುವಾರ ಅವಳ ಒಂದು ಟ್ರಂಕು, ಒಂದು ಬಕೆಟ್ಟು ಆಟೋದಲ್ಲಿ ನನ್ನ ಮನೆಗೆ ಬಂದವು. ಆಫೀಸಿನಲ್ಲಿ ಅವಳು ಕೆಲಸ ಬಿಡಲಿಲ್ಲ. ಊಟ ಮಾತ್ರ ಒಬ್ಬಳೇ ಮಾಡುತ್ತಿದ್ದಳಂತೆ. ಡಾಕ್ಟರಮ್ಮ ಫೋನು ಮಾಡಿ ಗದರಿದ ಮೇಲೆ ನಮ್ಮ ಲ್ಯಾಬಿನಲ್ಲಿ ಪಟ್ಟಿ ಕಳಿಸುವುದು ನಿಂತು, ಒಬ್ಬೊಬ್ಬರ ಕೈಗೇ ಲಕೋಟೆ ಕೊಡುವುದು ಶುರುವಾಯಿತು. ಒಬ್ಬೊಬ್ಬ ಕೆಲಸಗಾರರಿಗೂ ಬೇರೆ ಬೇರೆ ಪಾಸ್‌ವರ್ಡು ಬಂತು. ಪ್ರಸಾದ್ ಕೆಲವು ತಿಂಗಳು ನನ್ನ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ. ಅದು ನನ್ನನ್ನು ಅಷ್ಟಾಗಿ ಕಾಡಲಿಲ್ಲ. ಮನೆಯಲ್ಲಿ ಮಾತಿತ್ತು.

ಹನ್ನೊಂದು ತಿಂಗಳು ಅವಳು ನನ್ನ ಜೊತೆಗಿದ್ದಳು. ಜೋಳದ ಹಿಟ್ಟು ಹುಡುಕಲು ಜಯನಗರದ ಅಂಗಡಿಗಳನ್ನೆಲ್ಲ ಸುತ್ತಿದೆವು. ಅವಳು ರೊಟ್ಟಿ ಬಡಿಯುವಾಗ ಆಗುವ ಸದ್ದಿಗೆ ನನ್ನ ಮನೆ ಬೇರೆಯವರ ಮನೆಗಳ ಹಾಗೆ ತುಂಬಿದೆ ಅನ್ನಿಸುತ್ತಿತ್ತು. ತಟ್ಟೆಗಳ ಒಂದೇ ರಾಶಿಯಿಂದ ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡು ಉಣ್ಣುತ್ತಿದ್ದೆವು. ಆ ವಿಷಯ ಇಬ್ಬರೂ ಎತ್ತಲಿಲ್ಲ. ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆಗೆ ಅವಳು ಬೇರೆ ಲ್ಯಾಬಿಗೆ ಹೋಗುತ್ತಿದ್ದಳು. ಯಾವ ಲ್ಯಾಬೆಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಅವಳ ಊರಿನ ಹತ್ತಿರವೇ ಒಂದು ಸಹಕಾರಿ ಸಂಘದಲ್ಲಿ ಕೆಲಸ ಸಿಕ್ಕಿತು. ಬಸ್ಸಿಗೆ ಹತ್ತಿಸಿ ಬಂದೆ. ಮೊದಮೊದಲು ಫೋನು ಬರುತ್ತಿತ್ತು, ಬರುತ್ತಾ ಬರುತ್ತಾ ಕಡಿಮೆಯಾಗಿ ನಿಂತಿತು. ನಾನಾಗಿ ಮಾಡಲಿಲ್ಲ. ಮರೆಯಬೇಕೆಂದಿರುವವರಿಗೆ ನಾನೇ ನೆನಪಾಗಬಾರದು ಅಂದುಕೊಂಡೆ.

ನಿವೃತ್ತಿಯ ದಿನ ಒಂದು ಶಾಲು ಹೊದಿಸಿದರು. ಅದರ ಬಗ್ಗೆ ಬರೆಯುವಂಥದ್ದೇನಿಲ್ಲ.

ಆಮೇಲಿನ ವರ್ಷ, ಒಂದು ಮಧ್ಯಾಹ್ನ ಜಯನಗರದ ಫೋರ್ತ್ ಬ್ಲಾಕಿನಲ್ಲಿ ತರಕಾರಿ ಕೊಂಡು ನಿಂತಿದ್ದೆ. "ಅಕ್ಕಾರ!" ಎಂದು ಕೂಗಿದ್ದು ಕೇಳಿಸಿತು. ಆ ದನಿ ನನಗೆ ತಪ್ಪುವುದಿಲ್ಲ. ಶಿವಲೀಲಾ. ಸ್ವಲ್ಪ ಮೈ ತುಂಬಿಕೊಂಡಿದ್ದಳು. ಸೊಂಟದ ಮೇಲೆ ವರ್ಷ ತುಂಬಿರದ ಕೂಸು. ಪಕ್ಕದಲ್ಲಿ ಕೈಚೀಲ ಹಿಡಿದ ಗಂಡ. ಅವನು ನನ್ನ ಕಡೆ ನೋಡಿ, "ಯಾರ್ ಇವ್ರು?" ಅಂದ.

ಅವಳು ಉತ್ತರಕ್ಕೆ ಬಾಯಿ ತೆರೆದಳು. ಆ ಒಂದು ಗಳಿಗೆಯಲ್ಲಿ ನನಗೆ ಎಲ್ಲ ಓಡಿಬಂತು. ಇವನಿಗೆ ಏನು ಗೊತ್ತು? ಲ್ಯಾಬಿನವರು ಅಂದರೆ ಯಾವ ಲ್ಯಾಬು ಅನ್ನುತ್ತಾನೆ. ಅವರ ಮನೆಯಲ್ಲಿ ಇದ್ದೆ ಅಂದರೆ ಯಾಕೆ ಅನ್ನುತ್ತಾನೆ. ನಾನೇ ಮುಂದಾಗಿ, "ಯಾರೋ ಅಂದ್ಕೊಂಡ್ರಿ ಅನ್ಸುತ್ತಮ್ಮ. ನಾನಲ್ಲ" ಎಂದು ಹೇಳಿ ತಿರುಗಿ ನಡೆದೆ. ಅವಳ ಮುಖ ನೋಡಲಿಲ್ಲ. ಬಸ್ ಸ್ಟಾಪಿಗೆ ಬಂದಾಗ ತರಕಾರಿಯ ಚೀಲ ಅಂಗಡಿಯಲ್ಲೇ ಉಳಿದಿತ್ತು. ವಾಪಸ್ಸು ಹೋಗುವ ಧೈರ್ಯವಾಗಲಿಲ್ಲ.

ಸಂಜೆ ಮನೆಯ ಫೋನು ಬಡಿಯಿತು. ಆ ಕಡೆ ಬಸ್ಸುಗಳ ಸದ್ದು.

"ಅಕ್ಕಾರ, ಯಾಕ ಹಂಗ ಹೋದ್ರಿ?"

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

"ಅವ್ರಿಗೆ ಎಲ್ಲಾ ಗೊತ್ತೈತ್ರಿ. ಲಗ್ನಕ್ಕಿಂತ ಮೊದ್ಲ ನಾನ ಕೂತು ಹೇಳೀನ್ರಿ. ಅದು ಹತ್ತಬಾರದಂತ ಅವ್ರೂ ಸೂಜಿ ಹಾಕಿಸ್ಕೊಂಡಾರ, ಪಾಪೂಗೂ ಹುಟ್ಟಿದ ದಿನಾನ ಹಾಕಿಸೀವಿ. ನಿಮ್ಮನ್ನ ತೋರಿಸ್ಬೇಕಂತ ಚಿಕ್ಕಲಸಂದ್ರಕ್ಕ ಬರೋವ್ರಿದ್ವಿರಿ ಇವತ್ತ. ನೀವ ಗುರ್ತಾ ಇಲ್ಲ ಅಂದ್ ಮ್ಯಾಲೆ..."

"ನಿಂಗೆ ತೊಂದರೆ ಆಗಬಾರ್ದು ಅಂತ ಕಣೇ" ಅಂದೆ.

"ತಿಳೀತ್ರಿ. ಆದ್ರ ಹೇಳೂದು ಬಿಡೂದು ನಂದಲ್ರೀ ಅಕ್ಕಾರ? ನನಗ ಬಿಟ್ಟಬಿಡಬೇಕಿತ್ತು ನೀವು."

"ಈಗ ಬನ್ನಿ. ಅಡುಗೆ ಮಾಡ್ತೀನಿ. ಈಗ್ಲೇ ಬನ್ನಿ."

"ಬಸ್ಸಿನ್ಯಾಗ ಕೂತೀವ್ರಿ. ಬಿಡ್ತಾನ ಇನ್ನ." ಆಚೆ ಕಂಡಕ್ಟರು ಊರಿನ ಹೆಸರು ಕೂಗುತ್ತಿದ್ದ. "ತಡೀರಿ, ಪಾಪೂ ಕೈಯಾಗ ಕೊಡ್ತೀನಿ, ಮಾತಾಡ್ರಿ."

ಫೋನಿನಲ್ಲಿ ಏನೋ ತಿಕ್ಕಿದ ಸದ್ದು. ಆಮೇಲೆ ಉಸಿರು, ಹತ್ತಿರದಿಂದ, ಸ್ವಲ್ಪ ನೆಗಡಿಯಾದ ಮಗುವಿನದು. ಮಗುವಿನ ಹೆಸರು ಕೇಳಿರಲಿಲ್ಲ. "ನಾನು ವನಜಾ ಅಜ್ಜಿ" ಅಂದೆ. "ಚಿಕ್ಕಲಸಂದ್ರದವಳು. ನಿಮ್ಮಮ್ಮ ನಮ್ಮನೇಲಿ ಇದ್ಳು." ಅದನ್ನು ನಾನು ಯಾರಿಗಾದರೂ ಹೇಳಿದ್ದು ಅದೇ ಮೊದಲು. ಮಗು ಕೇಳಿಸಿಕೊಳ್ಳುತ್ತಿತ್ತು. ಬಸ್ಸು ಹೊರಟ ಸದ್ದಾಯಿತು. ಲೈನು ಕಟ್ಟಾಗುವವರೆಗೂ ಹೇಳುತ್ತಲೇ ಇದ್ದೆ.